ಕ್ಷಮೆ ಯಾರದು, ಶಿಕ್ಷೆ ಯಾರದು?

ನಮ್ಮ ಟಿ. ನಗರದ ರಂಗನಾಥನ್ ಬೀದಿಯ ನೂಕುನುಗ್ಗಲಿನಲ್ಲಿ ಕಾಲು ತುಳಿದವರು 'ಮನ್ನಿಚ್ಚಿಡುಂಗ' ಅಂತ ಮುಂದೆ ಹೋಗ್ತಾರೆ. ನಮ್ಮ 'ಮನ್ನಿಸು'ವಿನ ನಂಟಿನ ಮಾತೇ ಅದು. ಸರಿ, ಕಾಲು ತುಳಿದರೆ ಮನ್ನಿಸಬಹುದು. ಬದುಕನ್ನೇ ತುಳಿದರೆ?

ಕ್ರೈಸ್ತರ ಕ್ಷಮೆ ಅಂದ್ರೆ ನನಗೆ ನೆನಪಾಗೋದು ಗ್ಲಾಡಿಸ್ ಸ್ಟೇನ್ಸ್. 1999ರ ಜನವರಿಯಲ್ಲಿ ಒಡಿಶಾದ ಮನೋಹರಪುರದಲ್ಲಿ, ಜೀಪಿನಲ್ಲಿ ಮಲಗಿದ್ದ ಅವರ ಗಂಡ ಗ್ರಹಾಂ, 10 ವರ್ಷದ ಫಿಲಿಪ್, 6 ವರ್ಷದ ತಿಮೋತಿ, ಮೂವರನ್ನೂ ಸುಟ್ಟು ಕೊಂದರು. ಕೊಂದವರನ್ನು ಕ್ಷಮಿಸಿದ್ದೇನೆ ಅಂದರು ಆಕೆ. ಬಾಯಿಮಾತಿಗಲ್ಲ, 2004ರವರೆಗೂ ಬಾರಿಪದದಲ್ಲೇ ಉಳಿದು ಕುಷ್ಠರೋಗಿಗಳ ಸೇವೆ ಮುಂದುವರಿಸಿದರು.

'ಹಾಗಾದ್ರೆ ಕೊಲೆಗಾರರನ್ನ ಸುಮ್ಮನೆ ಬಿಡಬೇಕಾ?' ಅಂತೀರೇನೋ. ಎಲ್ಲಿ ಬಿಟ್ಟರು ಹೇಳಿ? ದಾರಾ ಸಿಂಗ್‌ನ ಜೀವಾವಧಿ ಶಿಕ್ಷೆಯನ್ನು 2011ರಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು. ಶಿಕ್ಷೆ ಕಾನೂನಿನ ಪಾಲು, ದ್ವೇಷ ಇಳಿಸಿಡೋದು ನೊಂದವರ ಪಾಲು. ಅದೂ ಒಂದೇ ದಿನಕ್ಕೆ ಮುಗಿಯೋದಲ್ಲ. ಏಳು ಸಲ ಕ್ಷಮಿಸಿದರೆ ಸಾಕಾ ಅಂದ ಪೇತ್ರನಿಗೆ ಏಸು ಏಳೆಪ್ಪತ್ತರ ಲೆಕ್ಕ ಕೊಟ್ಟಿದ್ದು ಅದಕ್ಕೇ ಇರಬೇಕು. ಕೋಪ ದಿನಾ ಬೆಳಗ್ಗೆ ಮತ್ತೆ ಎದ್ದು ಕೂರುತ್ತೆ ನೋಡಿ!

ಒಂದು ಮಾತು ಮಾತ್ರ ನೆನಪಿರಲಿ. ಕ್ಷಮೆ ನೊಂದವರು ತಾವಾಗಿ ಕೊಡಬೇಕಾದ್ದು. 'ಕ್ಷಮಿಸಿಬಿಡಿ' ಅಂತ ಅವರಿಗೆ ಉಪದೇಶ ಮಾಡೋಕೆ ನಾವ್ಯಾರು?