ವಿಜ್ಞಾನದ ಆಯ್ಕೆ ಮತ್ತು ಮಲೆನಾಡಿನ ಮಕ್ಕಳು

ಎಸ್ಸೆಸ್ಸೆಲ್ಸಿ ಫಲಿತಾಂಶ ಪ್ರಕಟವಾದ ದಿನದಿಂದ ಪದವಿಪೂರ್ವ ಕಾಲೇಜುಗಳ ಪ್ರವೇಶ ಮುಗಿಯುವವರೆಗೆ ದೊರೆಯುವುದು ಕೆಲವೇ ವಾರಗಳು. ಆ ಅವಧಿಯಲ್ಲಿ ಹದಿನಾರರ ಹರೆಯದ ಹುಡುಗ ಹುಡುಗಿಯರು ತಮ್ಮ ಮುಂದಿನ ನಲವತ್ತು ವರ್ಷಗಳ ಉದ್ಯೋಗದ ದಿಕ್ಕನ್ನು ಬಹುಮಟ್ಟಿಗೆ ನಿರ್ಧರಿಸಿಬಿಡುತ್ತಾರೆ. ಬೆಂಗಳೂರಿನ ಮಗುವಿಗೆ ಇದು ಯಾವ ವಿಷಯ, ಯಾವ ಕಾಲೇಜು ಎಂಬ ಪ್ರಶ್ನೆ. ಸಕಲೇಶಪುರ ಮತ್ತು ಆಲೂರು ತಾಲ್ಲೂಕುಗಳ ಗುಡ್ಡಗಾಡಿನ ಮಗುವಿಗೆ ಅದಕ್ಕೂ ಮೊದಲು ಇನ್ನೊಂದು ಪ್ರಶ್ನೆ ಎದುರಾಗುತ್ತದೆ: ಬೆಳಗಿನ ಬಸ್ಸು ಯಾವ ಕಾಲೇಜಿನ ತನಕ ಹೋಗುತ್ತದೆ? ವೈದ್ಯಕೀಯ ಮತ್ತು ಆರೋಗ್ಯ ಶಿಕ್ಷಣದ ಹಂಬಲವಿರುವ ಮಕ್ಕಳ ವಿಷಯದಲ್ಲಿ ಈ ಎರಡು ಪ್ರಶ್ನೆಗಳ ನಡುವಿನ ಅಂತರ ಅತ್ಯಂತ ದುಬಾರಿಯಾದದ್ದು. ಅದನ್ನು ಕೇವಲ ಆಯಾ ಕುಟುಂಬದ ಖಾಸಗಿ ಚಿಂತೆಯೆಂದು ಸರ್ಕಾರ ಕೈಬಿಡುವಂತಿಲ್ಲ.

ಮೊದಲಿಗೆ ನಿಯಮಗಳನ್ನು ಸ್ಪಷ್ಟಪಡಿಸಿಕೊಳ್ಳುವುದು ಒಳಿತು. ಎಂಬಿಬಿಎಸ್, ದಂತವೈದ್ಯ, ಆಯುರ್ವೇದ, ಹೋಮಿಯೋಪತಿ ಪದವಿಗಳಿಗೆ ಇಂದು ನೀಟ್ ಪರೀಕ್ಷೆಯೇ ಹೆಬ್ಬಾಗಿಲು. ಅದಕ್ಕೆ ಕುಳಿತುಕೊಳ್ಳಲು ದ್ವಿತೀಯ ಪಿಯುಸಿಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ ಮತ್ತು ಇಂಗ್ಲಿಷ್ ಓದಿರಬೇಕು. ಮೂರು ವಿಜ್ಞಾನ ವಿಷಯಗಳಲ್ಲಿ ಒಟ್ಟಾಗಿ ಸಾಮಾನ್ಯ ವರ್ಗದವರಿಗೆ ಶೇ 50, ಪರಿಶಿಷ್ಟರು ಹಾಗೂ ಹಿಂದುಳಿದ ವರ್ಗದವರಿಗೆ ಶೇ 40 ಅಂಕಗಳು ಅಗತ್ಯ. ಪ್ರಶ್ನೆಪತ್ರಿಕೆಯ 720 ಅಂಕಗಳಲ್ಲಿ ಸರಿಯಾಗಿ ಅರ್ಧದಷ್ಟು, ಅಂದರೆ 360 ಅಂಕಗಳು, ಜೀವಶಾಸ್ತ್ರಕ್ಕೇ ಮೀಸಲು. ಗಣಿತದ ಹೆಸರು ಈ ಪಟ್ಟಿಯಲ್ಲಿ ಎಲ್ಲಿಯೂ ಇಲ್ಲ.

ಆದರೂ ನಮ್ಮ ರಾಜ್ಯದಲ್ಲಿ ವೈದ್ಯರಾಗಬೇಕೆನ್ನುವ ಬಹುತೇಕ ಮಕ್ಕಳು ಗಣಿತವನ್ನೂ ಒಳಗೊಂಡ ಪಿಸಿಎಂಬಿ ಸಂಯೋಜನೆಯನ್ನೇ ಆರಿಸುತ್ತಾರೆ. ವೈದ್ಯಕೀಯ ಸೀಟು ಕೈತಪ್ಪಿದರೆ ಎಂಜಿನಿಯರಿಂಗ್ ಬಾಗಿಲಾದರೂ ತೆರೆದಿರಲಿ ಎಂಬುದು ಪಾಲಕರ ಲೆಕ್ಕಾಚಾರ. ಎರಡು ದೋಣಿಗಳಲ್ಲಿ ಕಾಲಿಡುವ ಈ ಎಚ್ಚರಿಕೆಯನ್ನು ಪೂರ್ತಿ ತಪ್ಪೆನ್ನಲಾಗದು. ಆದರೆ ಅರ್ಥಶಾಸ್ತ್ರದಲ್ಲಿ ಪ್ರತಿಯೊಂದು ಆಯ್ಕೆಗೂ ಬಿಟ್ಟುಕೊಟ್ಟದ್ದರ ಬೆಲೆ ಇರುತ್ತದೆ. ಹತ್ತನೇ ತರಗತಿಯ ಗಣಿತದಲ್ಲೇ ಏದುಸಿರು ಬಿಟ್ಟ ಮಗು ಎರಡು ವರ್ಷ ಕಲನಶಾಸ್ತ್ರದೊಡನೆ ಗುದ್ದಾಡಿ, ಜೀವಶಾಸ್ತ್ರಕ್ಕೆ ಕೊಡಬೇಕಾದ ಸಮಯವನ್ನು ಕಳೆದುಕೊಂಡರೆ ಎರಡೂ ದೋಣಿಗಳು ಜಾರುತ್ತವೆ. ಅಂತಹವರು ಗಣಿತಕ್ಕೆ ಬದಲು ಬೇರೊಂದು ಐಚ್ಛಿಕ ವಿಷಯವನ್ನು ತೆಗೆದುಕೊಳ್ಳಬಹುದು ಎನ್ನುವುದು ಕಾಗದದ ಮೇಲಿನ ಸೌಲಭ್ಯ. ಸಣ್ಣ ಊರಿನ ಕಾಲೇಜುಗಳಲ್ಲಿ ಅದಕ್ಕೆ ಉಪನ್ಯಾಸಕರೇ ಇರುವುದಿಲ್ಲ.

ಇದಕ್ಕಿಂತ ಕಠಿಣವಾದದ್ದು ಇನ್ನೊಂದು ಬಗೆಯ ಆಯ್ಕೆ. ಸಮೀಪದ ಕಾಲೇಜಿನಲ್ಲಿ ಗಣಕವಿಜ್ಞಾನದ ಪಿಸಿಎಂಸಿ ಮಾತ್ರ ಲಭ್ಯವಿದೆಯೆಂದೋ, ನೆರೆಮನೆಯ ಹುಡುಗ ಅದನ್ನೇ ಓದಿ ಬೆಂಗಳೂರು ಸೇರಿದನೆಂದೋ ಜೀವಶಾಸ್ತ್ರವನ್ನು ಕೈಬಿಟ್ಟ ವಿದ್ಯಾರ್ಥಿಗೆ ಆರೋಗ್ಯ ಕ್ಷೇತ್ರದ ಹೆಚ್ಚಿನ ಬಾಗಿಲುಗಳು ಅಲ್ಲಿಗೆ ಮುಚ್ಚಿಹೋಗುತ್ತವೆ. 2023ರ ನವೆಂಬರಿನಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗವು ಈ ನಿಯಮವನ್ನು ಸಡಿಲಿಸಿ, ಹನ್ನೆರಡನೇ ತರಗತಿಯ ನಂತರ ಮಾನ್ಯತೆ ಪಡೆದ ಮಂಡಳಿಯಿಂದ ಜೀವಶಾಸ್ತ್ರವನ್ನು ಹೆಚ್ಚುವರಿ ವಿಷಯವಾಗಿ ಪೂರೈಸಿದವರಿಗೂ ನೀಟ್ ಬರೆಯಲು ಅವಕಾಶ ಕಲ್ಪಿಸಿತು. ಸ್ವಾಗತಾರ್ಹ ಕ್ರಮವೇ ಸರಿ. ಆದರೆ ಅದಕ್ಕೆ ಮತ್ತೊಂದು ವರ್ಷ ಬೇಕು, ಆ ವರ್ಷದ ಖರ್ಚನ್ನು ಭರಿಸುವ ಮನೆಯೂ ಬೇಕು.

ವೈದ್ಯಕೀಯ ಎಂದರೆ ಎಂಬಿಬಿಎಸ್ ಮಾತ್ರ ಎಂಬ ಭಾವನೆ ನಮ್ಮಲ್ಲಿ ಬಲವಾಗಿ ಬೇರೂರಿದೆ. 2025ರಲ್ಲಿ ನೀಟ್ ಬರೆದವರು ದೇಶದಾದ್ಯಂತ 22 ಲಕ್ಷಕ್ಕೂ ಹೆಚ್ಚು, ಅರ್ಹತೆ ಪಡೆದವರು 12 ಲಕ್ಷಕ್ಕೂ ಅಧಿಕ. ಎಂಬಿಬಿಎಸ್ ಸೀಟುಗಳು ಮಾತ್ರ ಒಂದು ಲಕ್ಷ ದಾಟಿ ಸ್ವಲ್ಪ ಮುಂದೆ. ಅರ್ಹರೆನಿಸಿಕೊಂಡ ಹತ್ತು ಮಂದಿಯಲ್ಲಿ ಒಬ್ಬರಿಗೆ ಸೀಟು ದಕ್ಕುತ್ತದೆ ಎನ್ನಬಹುದು. ಖಾಸಗಿ ಕಾಲೇಜಿನ ಶುಲ್ಕ ಭರಿಸಲಾರದ ಕುಟುಂಬಗಳಿಗೆ ಈ ಪ್ರಮಾಣ ಇನ್ನೂ ಕುಗ್ಗುತ್ತದೆ. ಉಳಿದ ಒಂಬತ್ತು ಮಂದಿ ಏನಾಗಬೇಕು ಎಂಬುದನ್ನು ಹತ್ತನೇ ತರಗತಿಯಲ್ಲಿಯೇ ಹೇಳಿಕೊಡುವವರು ಇಲ್ಲ.

ಹೇಳಿಕೊಡಬೇಕಾದದ್ದು ಸಾಕಷ್ಟಿದೆ. ನಾಲ್ಕು ವರ್ಷಗಳ ಬಿ.ಎಸ್ಸಿ. ನರ್ಸಿಂಗ್‌ಗೆ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ ಬೇಕು. ಮೂರು ವರ್ಷಗಳ ಜಿಎನ್ಎಂ ನರ್ಸಿಂಗ್ ಡಿಪ್ಲೊಮಾಗೆ ವಿಜ್ಞಾನಕ್ಕೆ ಆದ್ಯತೆ ಇದ್ದರೂ ಕಲಾ ಅಥವಾ ವಾಣಿಜ್ಯ ವಿಭಾಗದಲ್ಲಿ ಉತ್ತೀರ್ಣರಾದವರಿಗೂ ಪ್ರವೇಶವಿದೆ. ಈ ಸಂಗತಿ ತೋಟದ ಲೈನ್ ಮನೆಗಳಿಗೆ ಇನ್ನೂ ತಲುಪಿದಂತಿಲ್ಲ. ಬಿ.ಫಾರ್ಮ ಮತ್ತು ಡಿ.ಫಾರ್ಮ ಕೋರ್ಸುಗಳಿಗೆ ಭೌತಶಾಸ್ತ್ರ, ರಸಾಯನಶಾಸ್ತ್ರದ ಜೊತೆಗೆ ಜೀವಶಾಸ್ತ್ರ ಅಥವಾ ಗಣಿತ, ಎರಡರಲ್ಲಿ ಒಂದಿದ್ದರೆ ಸಾಕು. ಪಿಸಿಎಂಸಿ ಓದಿದವರಿಗೂ ಆರೋಗ್ಯ ಕ್ಷೇತ್ರದಲ್ಲಿ ಉಳಿದಿರುವ ಬಾಗಿಲು ಇದು. ಭೌತಚಿಕಿತ್ಸೆ, ಪ್ರಯೋಗಾಲಯ ತಂತ್ರಜ್ಞಾನ, ಕ್ಷ-ಕಿರಣ ಮತ್ತು ಸ್ಕ್ಯಾನಿಂಗ್, ಅರಿವಳಿಕೆ ತಂತ್ರಜ್ಞಾನ, ಡಯಾಲಿಸಿಸ್, ನೇತ್ರ ತಂತ್ರಜ್ಞಾನ ಮುಂತಾದ ಪದವಿಗಳೂ ಇವೆ. ಇವುಗಳ ಗುಣಮಟ್ಟ ನಿಯಂತ್ರಣಕ್ಕೆಂದೇ 2021ರಲ್ಲಿ ಸಂಸತ್ತು ಪ್ರತ್ಯೇಕ ಕಾಯಿದೆಯನ್ನು ಅಂಗೀಕರಿಸಿದೆ. ಅರ್ಹತಾ ನಿಯಮಗಳು ಬದಲಾಗುತ್ತಿರುವುದರಿಂದ ಆಯಾ ವರ್ಷದ ಕೈಪಿಡಿಯನ್ನು ಓದಿಯೇ ಮುಂದುವರಿಯಬೇಕು. ಸೇರುವ ಕಾಲೇಜು ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಅಥವಾ ಸಂಬಂಧಪಟ್ಟ ಪರಿಷತ್ತಿನ ಮಾನ್ಯತೆ ಪಡೆದಿದೆಯೇ ಎಂದು ಹಣ ಕಟ್ಟುವ ಮುನ್ನ ವಿಚಾರಿಸಬೇಕು.

ವಿಷಯಗಳ ಆಯ್ಕೆಯನ್ನು ಬರೀ ಪ್ರವೇಶ ಪರೀಕ್ಷೆಯ ದೃಷ್ಟಿಯಿಂದ ನೋಡುವುದೂ ಸರಿಯಲ್ಲ. ಭೌತಶಾಸ್ತ್ರದ ಬೆಳಕಿನ ಪಾಠ ಕನ್ನಡಕದ ಅಂಗಡಿಯವರೆಗೂ, ವಿಕಿರಣದ ಪಾಠ ಕ್ಷ-ಕಿರಣದ ಕೊಠಡಿಯವರೆಗೂ ಬರುತ್ತದೆ. ರಸಾಯನಶಾಸ್ತ್ರದ ದ್ರಾವಣಗಳ ಅಧ್ಯಾಯ ಔಷಧಾಲಯದ ಪ್ರತಿದಿನದ ಕೆಲಸ. ಗಣಿತವನ್ನು ಐಚ್ಛಿಕವಾಗಿ ಓದದಿದ್ದರೂ ಲೆಕ್ಕದ ಭಯ ಇರಕೂಡದು. 500 ಮಿಲಿಲೀಟರ್ ದ್ರವವನ್ನು ನಾಲ್ಕು ಗಂಟೆಗಳಲ್ಲಿ ರೋಗಿಯ ದೇಹಕ್ಕೆ ಹರಿಸಬೇಕು, ಬಳಸುವ ಡ್ರಿಪ್ ಸೆಟ್ ಮಿಲಿಲೀಟರಿಗೆ 20 ಹನಿಗಳದ್ದು ಎಂದಾದರೆ ನಿಮಿಷಕ್ಕೆ ಸುಮಾರು 42 ಹನಿಗಳು ಬೀಳಬೇಕು. ಈ ಲೆಕ್ಕವನ್ನು ದಾದಿ ರಾತ್ರಿ ಪಾಳಿಯಲ್ಲಿ, ಯಾರನ್ನೂ ಕೇಳದೆ, ತಪ್ಪಿಲ್ಲದೆ ಮಾಡಬೇಕಾಗುತ್ತದೆ. ಇದಕ್ಕೆ ಕಲನಶಾಸ್ತ್ರ ಬೇಡ, ಏಳನೇ ತರಗತಿಯ ಗಣಿತ ಗಟ್ಟಿಯಾಗಿದ್ದರೆ ಸಾಕು.

ಇನ್ನು ಈ ಸೀಮೆಯ ವಾಸ್ತವಕ್ಕೆ ಬರೋಣ. ಹೆತ್ತೂರು, ಯಸಳೂರು, ಹಾನುಬಾಳು ಹೋಬಳಿಗಳ ಒಳಹಳ್ಳಿಗಳಿಂದ ತಾಲ್ಲೂಕು ಕೇಂದ್ರಕ್ಕೆ ಬರುವ ಮಗು ಬೆಳಗಿನ ಒಂದು ಬಸ್ಸನ್ನು ತಪ್ಪಿಸಿಕೊಂಡರೆ ಪ್ರಯೋಗಾಲಯದ ಅವಧಿಯನ್ನೂ ತಪ್ಪಿಸಿಕೊಂಡಂತೆ. ಆಲೂರಿನ ಕೆಂಚಮ್ಮನ ಹೊಸಕೋಟೆ, ಪಾಳ್ಯದ ಕಡೆ ಕಾಡಾನೆಗಳ ಹಿಂಡು ರಸ್ತೆಗಿಳಿದ ದಿನ ಮಕ್ಕಳನ್ನು ಮನೆಯಿಂದ ಕಳುಹಿಸಲು ತಾಯಂದಿರು ಹೆದರುತ್ತಾರೆ. ಮುಂಗಾರಿನ ಅಬ್ಬರದಲ್ಲಿ ರಜೆಗಳು ಸಾಲುಗಟ್ಟಿ ಬರುತ್ತವೆ. ಮಳೆಗಾಲ ಮುಗಿದು ಪಾಠ ಚುರುಕಾಗುವ ಹೊತ್ತಿಗೆ ಕಾಫಿ ಕೊಯ್ಲು ಶುರುವಾಗುತ್ತದೆ. ಅರೇಬಿಕಾ ಮುಗಿಯುತ್ತಿದ್ದಂತೆ ರೊಬಸ್ಟಾ. ಸಣ್ಣ ಹಿಡುವಳಿದಾರರ ಮತ್ತು ಕೂಲಿಕಾರರ ಮನೆಗಳಲ್ಲಿ ಎಲ್ಲ ಕೈಗಳಿಗೂ ಕೆಲಸವಿರುವ ಆ ತಿಂಗಳುಗಳೇ ದ್ವಿತೀಯ ಪಿಯುಸಿ ಪರೀಕ್ಷೆಯ ಸಿದ್ಧತೆಯ ತಿಂಗಳುಗಳು.

ಇದರ ಮೇಲೆ ಭಾಷೆಯ ಏರು. ಹತ್ತನೇ ತರಗತಿಯವರೆಗೆ ದ್ಯುತಿಸಂಶ್ಲೇಷಣೆ, ಜೀವಕೋಶ, ಆಮ್ಲ, ಪ್ರತ್ಯಾಮ್ಲ ಎಂದು ಕಲಿತ ಮಗುವಿಗೆ ಜೂನ್ ತಿಂಗಳಲ್ಲಿ ಅವೆಲ್ಲವೂ ಇಂಗ್ಲಿಷಿನಲ್ಲಿ ಎದುರಾಗುತ್ತವೆ. ನೀಟ್ ಪ್ರಶ್ನೆಪತ್ರಿಕೆ ಕನ್ನಡದಲ್ಲೂ ದೊರೆಯುತ್ತದೆ ಎನ್ನುವುದು ನಿಜ. ಎರಡು ವರ್ಷ ಇಂಗ್ಲಿಷಿನಲ್ಲಿ ಪಾಠ ಕೇಳಿದವರಿಗೆ ಕೊನೆಯ ದಿನ ಕನ್ನಡದ ಪ್ರಶ್ನೆಪತ್ರಿಕೆ ಕೊಟ್ಟರೆ ಅದು ಉಪಕಾರವೂ ಆಗದು, ನ್ಯಾಯವೂ ಆಗದು. ಬುದ್ಧಿವಂತ ಮಕ್ಕಳು ಮೊದಲ ಕಿರುಪರೀಕ್ಷೆಯಲ್ಲಿ ಸೋತು, ವಿಜ್ಞಾನ ತಮಗಲ್ಲವೆಂದು ತೀರ್ಮಾನಿಸಿ ವಿಭಾಗ ಬದಲಿಸುವುದು ನಮ್ಮ ಗ್ರಾಮೀಣ ಕಾಲೇಜುಗಳ ಹಳೆಯ ಕತೆ. ಸೋತದ್ದು ಇಂಗ್ಲಿಷಿಗೆ ಎಂಬುದನ್ನು ಅವರಿಗೆ ತಿಳಿಸುವವರಿಲ್ಲ.

ಈ ನಷ್ಟ ಆ ಮಕ್ಕಳದಷ್ಟೇ ಅಲ್ಲ. 2025ರ ಜೂನ್, ಜುಲೈನಲ್ಲಿ ಹಾಸನ ಜಿಲ್ಲೆಯಲ್ಲಿ ಹೃದಯಾಘಾತದ ಸಾವುಗಳ ಸುದ್ದಿ ರಾಜ್ಯವನ್ನೇ ಕಳವಳಕ್ಕೀಡುಮಾಡಿತು. ಸರ್ಕಾರ ತಜ್ಞರ ಸಮಿತಿಯನ್ನು ನೇಮಿಸಿತು, ಆಸ್ಪತ್ರೆಗಳ ಮುಂದೆ ಜನ ತಪಾಸಣೆಗಾಗಿ ಸಾಲುಗಟ್ಟಿದರು. ಆ ಸಾಲನ್ನು ಕರಗಿಸಲು ಬೇಕಾದವರು ಹೃದ್ರೋಗ ತಜ್ಞರು ಮಾತ್ರವೇ? ಇಸಿಜಿ ತೆಗೆಯುವವರು, ರಕ್ತ ಪರೀಕ್ಷಿಸುವವರು, ಹಳ್ಳಿಯ ಉಪಕೇಂದ್ರದಲ್ಲಿ ರಕ್ತದೊತ್ತಡ ಅಳೆದು ಪ್ರತಿ ತಿಂಗಳೂ ಬೆನ್ನುಹತ್ತುವವರು ಬೇಕು. ಉಪಕೇಂದ್ರಗಳ ಸಮುದಾಯ ಆರೋಗ್ಯಾಧಿಕಾರಿ ಹುದ್ದೆಗಳಿಗೆ ಬಿ.ಎಸ್ಸಿ. ನರ್ಸಿಂಗ್ ಓದಿದವರು ಬರುತ್ತಾರೆ. ಆ ಹುದ್ದೆಗೆ ಹೆತ್ತೂರಿನ ದಾರಿ ಬಲ್ಲ, ಅಲ್ಲಿನ ಮಾತು ಬಲ್ಲ ಹುಡುಗಿಯೇ ಬಂದರೆ ಆಗುವ ವ್ಯತ್ಯಾಸವನ್ನು ವಿವರಿಸಬೇಕಿಲ್ಲ.

ವಿಶ್ವ ಆರೋಗ್ಯ ಸಂಸ್ಥೆಯು 2010ರಲ್ಲಿ, ಮತ್ತೆ 2021ರಲ್ಲಿ ಹೊರಡಿಸಿದ ಮಾರ್ಗಸೂಚಿಗಳಲ್ಲಿ ಗ್ರಾಮೀಣ ಹಿನ್ನೆಲೆಯ ವಿದ್ಯಾರ್ಥಿಗಳಿಗೆ ಆರೋಗ್ಯ ಶಿಕ್ಷಣದಲ್ಲಿ ಆದ್ಯತೆ ನೀಡಬೇಕೆಂದು ಶಿಫಾರಸು ಮಾಡಿದೆ. ಹಳ್ಳಿಯಲ್ಲಿ ಬೆಳೆದವರು ಮರಳಿ ಹಳ್ಳಿಯಲ್ಲಿ ನೆಲೆಸುವ ಸಂಭವ ಹೆಚ್ಚು ಎಂಬುದೇ ಅದರ ತಳಹದಿ. ಕರ್ನಾಟಕವು ಕಡ್ಡಾಯ ಗ್ರಾಮೀಣ ಸೇವೆಯ ಕಾಯಿದೆಯನ್ನು ರೂಪಿಸಿದೆ. ಒಂದು ವರ್ಷದ ಕಡ್ಡಾಯ ಸೇವೆ ವೈದ್ಯರನ್ನು ಹಳ್ಳಿಗೆ ಕಳುಹಿಸಬಲ್ಲದು, ಅಲ್ಲಿ ಉಳಿಸಲಾರದು. ಉಳಿಯುವವರನ್ನು ಬೆಳೆಸುವ ಕೆಲಸ ಪಿಯುಸಿಯ ಪ್ರಯೋಗಾಲಯದಿಂದಲೇ ಆರಂಭವಾಗಬೇಕು.

ಮಾಡಬೇಕಾದ ಕೆಲಸಗಳು ಅಸಾಧ್ಯವಾದವುಗಳಲ್ಲ. ಎರಡೂ ತಾಲ್ಲೂಕುಗಳ ಸರ್ಕಾರಿ ಪದವಿಪೂರ್ವ ಕಾಲೇಜುಗಳಲ್ಲಿ, ಕನಿಷ್ಠ ಎರಡು ಹೋಬಳಿಗೆ ಒಂದರಂತೆ, ಜೀವಶಾಸ್ತ್ರವಿರುವ ವಿಜ್ಞಾನ ವಿಭಾಗ, ಕಾಯಂ ಉಪನ್ಯಾಸಕರು ಮತ್ತು ಉಪಯೋಗಕ್ಕೆ ಬರುವ ಪ್ರಯೋಗಾಲಯ ಇರಬೇಕು. ವಿಜ್ಞಾನದಲ್ಲಿ 30 ಅಂಕಗಳು ಪ್ರಾಯೋಗಿಕ ಪರೀಕ್ಷೆಗಿರುವಾಗ ಸೂಕ್ಷ್ಮದರ್ಶಕವನ್ನು ಬೀರುವಿನಲ್ಲಿಟ್ಟು ಬೀಗ ಹಾಕುವುದಕ್ಕೆ ಅರ್ಥವಿಲ್ಲ. ಪ್ರಥಮ ಪಿಯುಸಿಯ ಮೊದಲ ಎಂಟು ವಾರಗಳನ್ನು ಕನ್ನಡ ಪಾರಿಭಾಷಿಕ ಪದಗಳಿಂದ ಇಂಗ್ಲಿಷಿಗೆ ದಾಟಿಸುವ ಸೇತುಬಂಧಕ್ಕೆ ಮೀಸಲಿಡಬೇಕು. ಸಾರಿಗೆ ಸಂಸ್ಥೆಯ ವೇಳಾಪಟ್ಟಿ ಕಾಲೇಜಿನ ವೇಳಾಪಟ್ಟಿಯೊಡನೆ ಮಾತನಾಡಬೇಕು. ಹುಡುಗಿಯರಿಗೆ ತಾಲ್ಲೂಕು ಕೇಂದ್ರದಲ್ಲಿ ಸಾಕಷ್ಟು ವಿದ್ಯಾರ್ಥಿನಿಲಯಗಳಿದ್ದರೆ ಆನೆಯ ಭಯ, ಮಳೆಯ ಭಯ ಎರಡೂ ಅರ್ಧ ಕಡಿಮೆಯಾಗುತ್ತವೆ.

2006ರಲ್ಲಿ ಆರಂಭವಾದ ಹಾಸನ ವೈದ್ಯಕೀಯ ವಿಜ್ಞಾನಗಳ ಸಂಸ್ಥೆ ಇಲ್ಲಿಂದ ಒಂದು ಗಂಟೆಯ ಹಾದಿ. ಪ್ರತಿ ವರ್ಷ ಡಿಸೆಂಬರಿನೊಳಗೆ ಅಲ್ಲಿನ ವಿದ್ಯಾರ್ಥಿಗಳೂ ದಾದಿಯರೂ ತಂತ್ರಜ್ಞರೂ ಈ ಭಾಗದ ಪ್ರೌಢಶಾಲೆಗಳಿಗೆ ಬಂದು ತಮ್ಮ ಕೆಲಸವೇನು, ಅದಕ್ಕೆ ಏನು ಓದಬೇಕು ಎಂದು ಹೇಳಿದರೆ ಸರ್ಕಾರಕ್ಕೆ ತಗಲುವ ವೆಚ್ಚ ವಾಹನದ ಡೀಸೆಲ್ ಮಾತ್ರ. ವೃತ್ತಿಶಿಕ್ಷಣ ಪ್ರವೇಶದಲ್ಲಿ ಗ್ರಾಮೀಣ ವಿದ್ಯಾರ್ಥಿಗಳಿಗೆ ಶೇ 15, ಕನ್ನಡ ಮಾಧ್ಯಮದವರಿಗೆ ಶೇ 5 ಮೀಸಲಾತಿ ಇದೆ. ಒಂದರಿಂದ ಹತ್ತನೇ ತರಗತಿಯವರೆಗಿನ ವ್ಯಾಸಂಗದ ಪ್ರಮಾಣಪತ್ರಗಳನ್ನು ಮುಖ್ಯೋಪಾಧ್ಯಾಯರು ಹತ್ತನೇ ತರಗತಿ ಮುಗಿಯುವಾಗಲೇ ಸಿದ್ಧಪಡಿಸಿ ಕೊಟ್ಟರೆ ಕೊನೆಯ ಗಳಿಗೆಯ ಅಲೆದಾಟ ತಪ್ಪುತ್ತದೆ. ತಮಿಳುನಾಡು 2020ರಲ್ಲಿ ನೀಟ್ ಉತ್ತೀರ್ಣರಾದ ಸರ್ಕಾರಿ ಶಾಲಾ ವಿದ್ಯಾರ್ಥಿಗಳಿಗೆ ವೈದ್ಯಕೀಯ ಸೀಟುಗಳಲ್ಲಿ ಶೇ 7.5 ಮೀಸಲಿಟ್ಟಿತು. 2024ರ ಜುಲೈನಲ್ಲಿ ನೀಟ್ ವಿರುದ್ಧ ನಿರ್ಣಯ ಅಂಗೀಕರಿಸಿದ ನಮ್ಮ ವಿಧಾನಮಂಡಲ, ನೀಟ್ ಇರುವಷ್ಟು ಕಾಲ ತನ್ನ ಅಧಿಕಾರದಲ್ಲೇ ಇರುವ ಇಂತಹ ಕ್ರಮವನ್ನು ಯೋಚಿಸಲು ಅಡ್ಡಿಯೇನು?

ಪಾಲಕರಿಗೆ ಹೇಳಬೇಕಾದದ್ದು ಇಷ್ಟೇ. ಆರೋಗ್ಯ ಕ್ಷೇತ್ರದ ಒಲವಿರುವ ಮಗುವಿಗೆ ಜೀವಶಾಸ್ತ್ರವನ್ನು ಬಿಡಿಸಬೇಡಿ. ಗಣಿತ ಒಲಿದಿದ್ದರೆ ಉಳಿಸಿಕೊಳ್ಳಲಿ, ಒಲಿಯದಿದ್ದರೆ ಅವಮಾನವೆಂದು ತಿಳಿಯದಿರಲಿ. ಎಂಬಿಬಿಎಸ್ ಸಿಗಲಿಲ್ಲವೆಂದು ವರ್ಷದ ಮೇಲೆ ವರ್ಷ ಕೋಚಿಂಗಿಗೆ ಸುರಿಯುವ ಮೊದಲು ಉಳಿದ ದಾರಿಗಳನ್ನು ಒಮ್ಮೆ ಎಣಿಸಿ ನೋಡಿ. ಸರ್ಕಾರಕ್ಕೆ ಹೇಳಬೇಕಾದದ್ದು ಇನ್ನೂ ಚಿಕ್ಕದು: ಆಯ್ಕೆ ಮಾಡಿಕೊಳ್ಳಿ ಎಂದು ಮಕ್ಕಳಿಗೆ ಹೇಳುವ ಮುನ್ನ, ಆಯ್ಕೆ ಮಾಡಲು ಅವರೆದುರು ಒಂದಕ್ಕಿಂತ ಹೆಚ್ಚು ದಾರಿಗಳನ್ನು ಇಡಬೇಕು.