ಡಬ್ಬ ನೋಡ್ಬೇಡಿ, ಬಾಟಲಿ ತಿರುಗಿಸಿ ಓದಿ

1/9
ಹೋದ ತಿಂಗಳು ನಾನು ಹಾಕಿದ್ದ ಒಂದು ಸ್ಟೋರಿ ನಿಮ್ಮಲ್ಲಿ ತುಂಬ ಜನ ನೋಡಿದ್ರಿ. ಸೀನಿಯರ್ ಒಬ್ಬರ ರೂಮು, ಟೇಬಲ್ ಮೇಲೆ ಒಂದು ಸ್ಕಾಚ್ ಬಾಟಲಿ, ಅದರ ಡಬ್ಬದ ತುಂಬಾ ಒಂದು ಫೇಮಸ್ ವೆಬ್ ಸೀರೀಸ್ ಚಿತ್ರ. ಅವರ ಅಣ್ಣ ದುಬೈನಿಂದ ಬರುವಾಗ ತಂದಿದ್ದು. ಬಾಟಲಿ ಸೀಲ್ ಕೂಡ ಒಡೆದಿರಲಿಲ್ಲ. ನಾನು ಡಬ್ಬ ಕೈಯಲ್ಲಿ ಹಿಡ್ಕೊಂಡು ಫೋಟೋ ತೆಗೆಸಿಕೊಂಡೆ. ಬೆಂಕಿ ಎಮೋಜಿಗಳ ಮಳೆ ಬಂತು.

ರಾತ್ರಿ ಒಂದು ಮೆಸೇಜ್ ಬಂತು. ಗಂಡಸಿಯಿಂದ, ನಮ್ಮ ಚಿಕ್ಕಪ್ಪನ ಮಗ. ಎಂಟನೇ ಕ್ಲಾಸು. "ಅಣ್ಣಾ ಸೂಪರ್! ಖಾಲಿ ಆದ್ಮೇಲೆ ಡಬ್ಬ ನಂಗೆ ಕೊಡ್ತೀಯಾ?"

ಮೊದಲು ನಗು ಬಂತು. ಆಮೇಲೆ ನಿದ್ದೆ ಬರಲಿಲ್ಲ. ಆ ಫೋಟೋ ಡಿಲೀಟ್ ಮಾಡಿದೆ. ಈಗ ಹಾಕಿರೋದು ನಮ್ಮ ತೋಟದ ಫೋಟೋ. ನನಗೆ 20 ವರ್ಷ, ಬಾರ್ ಬೋರ್ಡ್‌ನಲ್ಲಿ 21 ಅಂತ ಬರೆದಿರುತ್ತೆ. ಹಾಗಾಗಿ ಇದು ಕುಡಿದು ನೋಡಿದವನ ರಿವ್ಯೂ ಅಲ್ಲ. ಲೇಬಲ್ ಓದಿದ ಒಬ್ಬ ಬಿಕಾಂ ಹುಡುಗನ ಅಭಿಪ್ರಾಯ. ಸ್ವಲ್ಪ ಉದ್ದ ಇದೆ, ಸ್ವೈಪ್ ಮಾಡ್ತಾ ಓದಿ.

2/9
ಮೊದಲು ಬೇಸಿಕ್ಸ್. ಸ್ಕಾಚ್ ಅನ್ನೋದು ಸ್ಟೈಲ್ ಅಲ್ಲ, ಊರಿನ ಹೆಸರು. ಸ್ಕಾಟ್ಲೆಂಡ್‌ನಲ್ಲೇ ಬಟ್ಟಿ ಇಳಿಸಬೇಕು, ಅಲ್ಲೇ ಓಕ್ ಮರದ ಪೀಪಾಯಿಯಲ್ಲಿ ಕನಿಷ್ಠ 3 ವರ್ಷ ಇಡಬೇಕು, ಆಲ್ಕೋಹಾಲ್ ಶೇಕಡಾ 40ಕ್ಕಿಂತ ಕಮ್ಮಿ ಇರಬಾರದು. ನೀರು ಮತ್ತು ಬಣ್ಣಕ್ಕೆ ಕ್ಯಾರಮೆಲ್ ಬಿಟ್ಟು ಬೇರೇನೂ ಸೇರಿಸೋ ಹಾಗಿಲ್ಲ.

ಮೊಳಕೆ ಬರಿಸಿದ ಬಾರ್ಲಿಯಿಂದ, ತಾಮ್ರದ ಹಂಡೆಯಂಥ ಪಾತ್ರೆಯಲ್ಲಿ ತೆಗೆದದ್ದು ಮಾಲ್ಟ್. ಅದು ಒಂದೇ ಡಿಸ್ಟಿಲರಿಯದ್ದಾದರೆ ಸಿಂಗಲ್ ಮಾಲ್ಟ್. ಗೋಧಿ, ಮೆಕ್ಕೆಜೋಳದಂಥ ಧಾನ್ಯ ಬಳಸಿ ಎತ್ತರದ ಕಾಲಂ ಯಂತ್ರದಲ್ಲಿ ತೆಗೆದದ್ದು ಗ್ರೇನ್. ಇವೆರಡನ್ನೂ ಬೆರೆಸಿದರೆ ಬ್ಲೆಂಡೆಡ್ ಸ್ಕಾಚ್. ಪ್ರಪಂಚದಲ್ಲಿ ಮಾರಾಟ ಆಗೋ ಸ್ಕಾಚ್‌ನಲ್ಲಿ ದೊಡ್ಡ ಪಾಲು ಇದೇ.

ಹಾಸನ ಜಿಲ್ಲೆಯವರಿಗೆ ಇದನ್ನ ವಿವರಿಸೋದು ಸುಲಭ. ಕಾಫಿ ಪುಡಿ ಅಂಗಡಿಗೆ ಹೋದಾಗ ಅರೇಬಿಕಾ ಎಷ್ಟು, ರೊಬಸ್ಟಾ ಎಷ್ಟು ಅಂತ ಕೇಳ್ತೀವಲ್ಲ, ಅದೇ ಲೆಕ್ಕ. ಮಾಲ್ಟ್ ಪರಿಮಳ ಕೊಡುತ್ತೆ, ಗ್ರೇನ್ ಅದನ್ನ ಹಗುರ ಮಾಡುತ್ತೆ, ರೇಟೂ ಇಳಿಸುತ್ತೆ. ಬ್ಲೆಂಡ್ ಅಂದ್ರೆ ಕಲಬೆರಕೆ ಅಲ್ಲ. ವರ್ಷವರ್ಷವೂ ಅದೇ ರುಚಿ ಬರೋ ಹಾಗೆ ನೋಡಿಕೊಳ್ಳೋ ಕೆಲಸ.

3/9
ಈ ಬೆರೆಸೋ ಕೆಲಸ ಶುರು ಮಾಡಿದವರಲ್ಲಿ ರಾಜರಿಲ್ಲ. ಬಹಳಷ್ಟು ಜನ ದಿನಸಿ ಅಂಗಡಿಯವರು! ಜಾನ್ ವಾಕರ್ 1820ರಲ್ಲಿ ಕಿಲ್ಮಾರ್ನಾಕ್ ಅನ್ನೋ ಊರಲ್ಲಿ ಅಂಗಡಿ ಇಟ್ಟ. ಜಾರ್ಜ್ ಬ್ಯಾಲಂಟೈನ್ ಎಡಿನ್‌ಬರೋದಲ್ಲಿ, ಶಿವಾಸ್ ಅಣ್ಣತಮ್ಮಂದಿರು ಅಬರ್ಡೀನ್‌ನಲ್ಲಿ. ಎಲ್ಲರದ್ದೂ ಅಂಗಡಿ ವ್ಯಾಪಾರವೇ. ಒಂದೊಂದು ಪೀಪಾಯಿ ಒಂದೊಂದು ರುಚಿ ಇರ್ತಿತ್ತು. ಗಿರಾಕಿ ಮಾತ್ರ "ಹೋದ ಸಲ ಕೊಟ್ಟಿದ್ದೇ ಕೊಡಿ" ಅಂತ ಕೇಳೋನು. ನಮ್ಮ ಶೆಟ್ಟರ ಅಂಗಡಿಯಲ್ಲೂ ಹಾಗೇ ತಾನೆ?

1830ರಲ್ಲಿ ಈನಿಯಸ್ ಕಾಫಿ ಅನ್ನೋ ಐರಿಶ್ ಮನುಷ್ಯ (ಹೌದು, ಹೆಸರೇ ಕಾಫಿ) ಕಾಲಂ ಯಂತ್ರಕ್ಕೆ ಪೇಟೆಂಟ್ ತಗೊಂಡ. ಮೊದಲು ಅಬಕಾರಿ ಅಧಿಕಾರಿ ಆಗಿದ್ದವನು! 1853ರಲ್ಲಿ ಆಂಡ್ರ್ಯೂ ಅಷರ್ ಬೇರೆ ಬೇರೆ ಪೀಪಾಯಿಗಳ ಮಾಲ್ಟ್ ಬೆರೆಸಿ ಮಾರಿದ. 1860ರ ಕಾನೂನು ಬಂದಮೇಲೆ ಸುಂಕ ಕಟ್ಟೋ ಮೊದಲೇ ಗೋದಾಮಿನಲ್ಲಿ ಮಾಲ್ಟ್, ಗ್ರೇನ್ ಬೆರೆಸೋಕೆ ದಾರಿ ಆಯ್ತು. ಅಲ್ಲಿಂದ ಬ್ಲೆಂಡ್ ಓಡಿದ್ದೇ ಓಟ. ಅದೇ ಶತಮಾನದ ಕೊನೆಗೆ ಫಿಲಾಕ್ಸೆರಾ ಅನ್ನೋ ಕೀಟ ಫ್ರಾನ್ಸ್‌ನ ದ್ರಾಕ್ಷಿ ತೋಟ ಹಾಳು ಮಾಡ್ತು. ಬ್ರಾಂದಿ ಕಮ್ಮಿಯಾಗಿ, ಆ ಜಾಗಕ್ಕೆ ಸ್ಕಾಚ್ ಬಂದು ಕೂತ್ಕೊಂಡಿತು. ತೆಂಗಿಗೆ ನುಸಿ ಬಂದಾಗ ಏನಾಗುತ್ತೆ ಅಂತ ನೋಡಿರೋ ನಮಗೆ ಇದು ಬೇಗ ಅರ್ಥ ಆಗುತ್ತೆ.

4/9
ರುಚಿ ಎಲ್ಲಿಂದ ಬರುತ್ತೆ? ಬಹುಪಾಲು ಮರದಿಂದ. ಅಮೆರಿಕದ ಬರ್ಬನ್ ತುಂಬಿಟ್ಟಿದ್ದ ಹಳೇ ಪೀಪಾಯಿ ಆದರೆ ವೆನಿಲಾ, ತೆಂಗಿನ ತರದ ವಾಸನೆ. ಓಕ್ ಮರದಲ್ಲೇ ತೆಂಗಿನ ಪರಿಮಳ ಕೊಡೋ ಅಂಶ ಇದೆ ಅಂತ ಓದಿದಾಗ ಅರಸೀಕೆರೆ ಕಡೆಯವನಾಗಿ ಖುಷಿ ಆಯ್ತು. ಸ್ಪೇನ್‌ನ ಶೆರ್ರಿ ವೈನ್ ಪೀಪಾಯಿ ಆದರೆ ಒಣದ್ರಾಕ್ಷಿ ತರ. ಬಾರ್ಲಿ ಒಣಗಿಸುವಾಗ ಪೀಟ್ ಅನ್ನೋ ಜೌಗು ಮಣ್ಣನ್ನ ಉರಿಸಿದರೆ ಹೊಗೆ ವಾಸನೆ. ಚಳಿಗಾಲದಲ್ಲಿ ಬಚ್ಚಲ ಒಲೆಗೆ ಕರಟ ಹಾಕಿದಾಗ ಟವೆಲ್‌ಗೆಲ್ಲ ಹತ್ತುತ್ತಲ್ಲ, ಆ ಕಡೆಗೆ ಬರೋ ವಾಸನೆ ಅಂತ ಓದಿ ಊಹಿಸಿಕೊಂಡಿದ್ದೀನಿ.

ಲೇಬಲ್ ಮೇಲೆ 12 ಅಂತ ಇದ್ದರೆ ಆ ಬ್ಲೆಂಡ್‌ನಲ್ಲಿರೋ ಅತಿ ಚಿಕ್ಕ ವಿಸ್ಕಿಗೂ 12 ವರ್ಷ ಆಗಿದೆ ಅಂತ ಅರ್ಥ. ಸರಾಸರಿ ಅಲ್ಲ. ವಯಸ್ಸೇ ಬರೆದಿಲ್ಲ ಅಂದ್ರೆ ಸ್ಕಾಚ್‌ಗೆ 3 ವರ್ಷದ ಗ್ಯಾರಂಟಿ ಮಾತ್ರ. ಇದನ್ನ ನೆನಪಿಡಿ, ಕೊನೆಗೆ ಬೇಕಾಗುತ್ತೆ.

5/9
ಈಗ ನಮ್ಮ ಬೆಂಗಳೂರಿಗೆ ಬರೋಣ. ಬ್ಯುಸಿನೆಸ್ ಲಾ ಓದುವಾಗ ಸಿಕ್ಕ ಕೇಸ್ ಇದು, ಪರೀಕ್ಷೆಗೂ ಆಗುತ್ತೆ.

ಖೋಡೇಸ್ ಕಂಪನಿ 1968ರಲ್ಲಿ "ಪೀಟರ್ ಸ್ಕಾಟ್" ಅನ್ನೋ ವಿಸ್ಕಿ ತಂದಿತು. ಬೆಂಗಳೂರಿನ ಕಂಪನಿ, ಹೆಸರು ಮಾತ್ರ ಸ್ಕಾಟ್. ಸ್ಕಾಟ್ಲೆಂಡ್‌ನ ಸ್ಕಾಚ್ ವಿಸ್ಕಿ ಅಸೋಸಿಯೇಷನ್ "ಇದು ಜನರಿಗೆ ಸ್ಕಾಚ್ ಅನ್ನಿಸುತ್ತೆ, ಟ್ರೇಡ್‌ಮಾರ್ಕ್ ತೆಗೆದುಹಾಕಿ" ಅಂತ ಅರ್ಜಿ ಹಾಕಿತು. ಕಂಪನಿ ಕಡೆಯ ಉತ್ತರ ಮಜಾ ಇದೆ: ಹೆಸರು ಸೂಚಿಸಿದವರ ತಂದೆ ಸ್ಕಾಟ್ಲೆಂಡ್‌ನವರು, ಜೊತೆಗೆ ಅಂಟಾರ್ಕ್ಟಿಕಾಕ್ಕೆ ಹೋದ ಕ್ಯಾಪ್ಟನ್ ಸ್ಕಾಟ್ ಮತ್ತು ಅವರ ಮಗ ಪೀಟರ್ ನೆನಪಿಗೆ ಇಟ್ಟದ್ದು ಅಂತ!

ರಿಜಿಸ್ಟ್ರಾರ್ ಹತ್ತಿರ ಸೋಲು, ಮದ್ರಾಸ್ ಹೈಕೋರ್ಟಲ್ಲೂ ಸೋಲು. ಆದರೆ 2008ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟಲ್ಲಿ ಖೋಡೇಸ್ ಗೆದ್ದಿತು. ಮುಖ್ಯ ಕಾರಣ ಒಂದು: ಅಸೋಸಿಯೇಷನ್‌ಗೆ 1974ರಲ್ಲೇ ವಿಷಯ ಗೊತ್ತಿತ್ತು, ಅರ್ಜಿ ಹಾಕಿದ್ದು 1986ರಲ್ಲಿ. 12 ವರ್ಷ ಸುಮ್ಮನಿದ್ದು, ಇವರು ವ್ಯಾಪಾರ ಬೆಳೆಸಿದ ಮೇಲೆ ಬಂದರೆ ಹೇಗೆ? ಮೌನಂ ಸಮ್ಮತಿ ಲಕ್ಷಣಂ, ಅಷ್ಟೇ.

6/9
ಎರಡನೇ ಕಾರಣ ನನ್ನನ್ನ ಚುಚ್ಚಿತು. ಸ್ಕಾಚ್ ಕೊಳ್ಳೋರು ಓದಿದವರು, ಶ್ರೀಮಂತರು, ಅವರಿಗೆ ವ್ಯತ್ಯಾಸ ಗೊತ್ತಾಗುತ್ತೆ. ಹಳ್ಳಿಯವರು, ಅನಕ್ಷರಸ್ಥರು, ಬಡವರು ಕೊಳ್ಳೋ ವಸ್ತು ಆದರೆ ಅಳತೆಗೋಲು ಬೇರೆ ಅಂತ ಕೋರ್ಟ್ ಹೇಳಿತು.

ಕೋರ್ಟಿನ ಉದ್ದೇಶ ಹಳ್ಳಿಯವರನ್ನ ರಕ್ಷಿಸೋದು, ಅದು ಗೊತ್ತು. ಆದರೂ ಗಂಡಸಿಯವನಾಗಿ ಓದಿದಾಗ ಮುಖ ಕೆಂಪಾಯ್ತು. ಆಮೇಲೆ ಯೋಚನೆ ಮಾಡಿದೆ. ಆ ರೂಮಲ್ಲಿ ಡಬ್ಬ ಹಿಡಿದು ನಿಂತಿದ್ದ ನಾವು ಆರು ಜನ ಡಿಗ್ರಿ ಓದೋರು. ಒಬ್ಬರಾದ್ರೂ ಹಿಂದಿನ ಲೇಬಲ್ ಓದಿದ್ವಾ? ಇಲ್ಲ. ಊರಲ್ಲಿ ಕ್ವಾರ್ಟರ್ ಕೊಳ್ಳೋರು ಕನಿಷ್ಠ ರೇಟು ನೋಡ್ತಾರೆ. ನಾವು ಚಿತ್ರ ಮಾತ್ರ ನೋಡಿದ್ವಿ. ಈಗ ಹೇಳಿ, ಓದಿದವರು ಯಾರು?

ಇನ್ನೊಂದು. "ನಮ್ಮ ಬೆಂಗಳೂರು ಕಂಪನಿ ಗೆದ್ದಿತು" ಅಂತ ಚಪ್ಪಾಳೆ ಹೊಡೆಯೋಕೆ ಮನಸ್ಸಾಗುತ್ತೆ. ಆದರೆ ಬೇರೆ ಊರಲ್ಲಿ ನೇಯ್ದ ಸೀರೆಗೆ "ಮೈಸೂರು ಸಿಲ್ಕ್" ಅಂತ ಚೀಟಿ ಅಂಟಿಸಿದರೆ ನಾವು ಸುಮ್ಮನಿರ್ತೀವಾ? ಅದಕ್ಕೇ ತಾನೆ ಜಿಐ ಟ್ಯಾಗ್ ತಗೊಂಡಿರೋದು. ನಮ್ಮೂರ ಹೆಸರಿಗೆ ಬೆಲೆ ಇದೆ ಅಂದ್ರೆ ಅವರೂರ ಹೆಸರಿಗೂ ಇದೆ. ಕಾನೂನು ಪ್ರಕಾರ ಖೋಡೇಸ್ ಗೆದ್ದದ್ದು ಸರಿ ಇರಬಹುದು. ಆದರೆ ಆ ಹೆಸರು ಸಾಲದ ಹೆಸರು ಅಂತಲೇ ನನ್ನ ಅಭಿಪ್ರಾಯ.

7/9
ಹಾಗಾದ್ರೆ ಏನು ಮಾಡಬೇಕಿತ್ತು? ಉತ್ತರವೂ ಬೆಂಗಳೂರಲ್ಲೇ ಇದೆ. ಅಮೃತ್.

1948ರಲ್ಲಿ ರಾಧಾಕೃಷ್ಣ ಜಗದಾಳೆ ಶುರು ಮಾಡಿದ ಕಂಪನಿ. ಮೂರನೇ ತಲೆಮಾರಿನ ರಕ್ಷಿತ್ ಜಗದಾಳೆ ಇಂಗ್ಲೆಂಡಿನ ನ್ಯೂಕ್ಯಾಸಲ್‌ನಲ್ಲಿ ಓದುತ್ತಿದ್ದಾಗ, ಭಾರತದ ಮಾಲ್ಟ್ ಅಲ್ಲಿ ಮಾರಾಟ ಆಗುತ್ತಾ ಅಂತ ಸ್ಟಡಿ ಮಾಡಿದರು. ನಾವು ಜೆರಾಕ್ಸ್ ಅಂಗಡಿಯಲ್ಲಿ ಪ್ರಾಜೆಕ್ಟ್ ಕಾಪಿ ಹೊಡೆಸ್ತೀವಿ, ಅವರ ಸ್ಟಡಿಯಿಂದ ಒಂದು ಬ್ರ್ಯಾಂಡ್ ಹುಟ್ಟಿತು! 2004ರ ಆಗಸ್ಟ್‌ನಲ್ಲಿ ನೀಲಕಂಠ ಜಗದಾಳೆಯವರು ಅಮೃತ್ ಸಿಂಗಲ್ ಮಾಲ್ಟ್ ಬಿಡುಗಡೆ ಮಾಡಿದ್ದು ಎಲ್ಲಿ ಗೊತ್ತಾ? ಗ್ಲಾಸ್ಗೋ. ಸ್ಕಾಟ್ಲೆಂಡ್‌ನ ಹೊಟ್ಟೆಯೊಳಗೇ. ಹೆಸರು ಬದಲಾಯಿಸಲಿಲ್ಲ. ಆಮೇಲೆ ಬಂದ ಅಮೃತ್ ಫ್ಯೂಷನ್‌ನಲ್ಲಿ ನಮ್ಮ ದೇಶದ ಬಾರ್ಲಿ ಜೊತೆ ಸ್ಕಾಟ್ಲೆಂಡ್‌ನ ಪೀಟ್ ಹೊಗೆ ಹಾಕಿದ ಬಾರ್ಲಿ. ಜಿಮ್ ಮರ್ರೆ ಅನ್ನೋ ವಿಮರ್ಶಕ 2010ರ ತನ್ನ ಪುಸ್ತಕದಲ್ಲಿ ಅದಕ್ಕೆ 100ಕ್ಕೆ 97 ಕೊಟ್ಟು, ಪ್ರಪಂಚದಲ್ಲೇ ಮೂರನೇ ಸ್ಥಾನ ಅಂದ.

ಅಮೃತ್‌ನವರೂ ಸಾಧುಗಳಲ್ಲ ಬಿಡಿ, ಸ್ಕಾಟ್ಲೆಂಡ್ ಹೆಸರಿನ ವಾಸನೆ ಇರೋ "ಮ್ಯಾಕಿಂತೋಷ್" ಅನ್ನೋ ವಿಸ್ಕಿಯೂ ಅವರದ್ದೇ. ಆದರೆ ಅವರಿಗೆ ಪ್ರಪಂಚದ ಮರ್ಯಾದೆ ತಂದಿದ್ದು ಸ್ವಂತ ಹೆಸರು. ನಮ್ಮ ಬೇಲೂರಿನ ದಾಸೋಜ ವಿಗ್ರಹದ ಕೆಳಗೆ ತನ್ನ ಹೆಸರು, ತನ್ನ ಊರು ಬಳ್ಳಿಗಾವೆ ಅಂತ ಕೆತ್ತಿದ. 900 ವರ್ಷ ಆದ್ರೂ ಓದ್ತಾ ಇದ್ದೀವಿ. ಲೇಬಲ್ ಅಂದ್ರೆ ಹಾಗಿರಬೇಕು.

8/9
ಈಗ ಸ್ಪೆಷಲ್ ಎಡಿಷನ್ ವಿಷಯ. ಇದರಲ್ಲಿ ಎರಡು ಜಾತಿ.

ಒಂದು, ಒಳಗಿನದ್ದೂ ಬದಲಾಗೋದು. 2018ರಲ್ಲಿ ಜಾನಿ ವಾಕರ್‌ನವರು ಗೇಮ್ ಆಫ್ ಥ್ರೋನ್ಸ್ ಜೊತೆ ಸೇರಿ ವೈಟ್ ವಾಕರ್ ತಂದರು. ಅದಕ್ಕೇ ಬೇರೆ ಬ್ಲೆಂಡ್. ಫ್ರೀಜರ್‌ನಲ್ಲಿಟ್ಟರೆ ಬಾಟಲಿ ಮೇಲೆ ಚಳಿಗಾಲ ಬಂತು ಅನ್ನೋ ಸಾಲು ಮೂಡುತ್ತೆ. ಆದರೆ ಲೇಬಲ್ ಮೇಲೆ ವಯಸ್ಸು ಮಾತ್ರ ಇಲ್ಲ. ಎರಡು, ಬಟ್ಟೆ ಮಾತ್ರ ಬದಲಾಗೋದು. 2024ರಲ್ಲಿ ಸ್ಕ್ವಿಡ್ ಗೇಮ್ ಎಡಿಷನ್ ಬಂತು. ನಡೆಯೋ ಮನುಷ್ಯನಿಗೆ ಹಸಿರು ಟ್ರ್ಯಾಕ್‌ಸೂಟ್ ಹಾಕಿದರು, ಒಳಗಿರೋದು ಬ್ಲ್ಯಾಕ್ ಲೇಬಲ್.

ಅಮೃತ್‌ನವರದ್ದೂ ಸ್ಪೆಷಲ್ ಇದೆ, "ಗ್ರೀಡಿ ಏಂಜಲ್ಸ್", ಅಂದ್ರೆ ದುರಾಸೆಯ ದೇವತೆಗಳು. ಪೀಪಾಯಿಯಿಂದ ಆವಿಯಾಗಿ ಹೋಗೋ ಪಾಲಿಗೆ ದೇವತೆಗಳ ಪಾಲು ಅಂತಾರೆ. ಸ್ಕಾಟ್ಲೆಂಡ್ ಚಳಿಗೆ ವರ್ಷಕ್ಕೆ ಶೇಕಡಾ 2ರಷ್ಟು ಹೋದರೆ, ಬೆಂಗಳೂರಲ್ಲಿ ಸುಮಾರು 10ರಿಂದ 12 ಹೋಗುತ್ತೆ. ಎಂಟು ವರ್ಷ ಕಾಯುವಷ್ಟರಲ್ಲಿ ಅರ್ಧಕ್ಕಿಂತ ಹೆಚ್ಚು ಗಾಳಿಗೆ! ಆ ಹೆಸರಲ್ಲಿ ನಿಜವಾದ ಕಥೆ ಇದೆ, ಸೀರೀಸ್‌ನಿಂದ ಬಾಡಿಗೆಗೆ ತಂದಿದ್ದಲ್ಲ.

ಡಬ್ಬ ಚೆನ್ನಾಗಿರಬಾರದು ಅಂತ ನಾನು ಹೇಳ್ತಿಲ್ಲ. 35 ವರ್ಷದವರು ತಮ್ಮ ದುಡ್ಡಲ್ಲಿ ಕಲೆಕ್ಷನ್ ಮಾಡಿದರೆ ಅವರಿಷ್ಟ. ಆದರೆ ಟಿವಿಯಲ್ಲಿ ಮದ್ಯದ ಜಾಹೀರಾತು ಹಾಕೋ ಹಾಗಿಲ್ಲ ಅಂತ ಕೇಬಲ್ ಟಿವಿ ನಿಯಮ ಇದೆ. ಅದಕ್ಕೇ ಸೋಡಾ, ಮ್ಯೂಸಿಕ್ ಸಿಡಿ ಅಂತ ಸುತ್ತು ಬಳಸಿ ತೋರಿಸ್ತಿದ್ರು. ಈಗ ಆ ಖರ್ಚೂ ಬೇಡ. ಸೀರೀಸ್ ಚಿತ್ರ ಹಾಕಿದ ಡಬ್ಬ ಸಾಕು, ಉಳಿದದ್ದು ನಾವೇ ಮಾಡ್ತೀವಿ. ಫ್ರೀಯಾಗಿ.

9/9
ಅವತ್ತು ನಾನು ಮಾಡಿದ್ದು ಅದೇ. ಒಂದು ರೂಪಾಯಿ ತಗೊಳ್ಳದೆ, ಗಂಡಸಿಯಲ್ಲಿ ಕೂತಿರೋ ಎಂಟನೇ ಕ್ಲಾಸ್ ಹುಡುಗನ ಕೈಗೆ ಜಾಹೀರಾತು ತಲುಪಿಸಿದೆ. ಬಾರಿನವನು ಅವನನ್ನ ಬಾಗಿಲಲ್ಲೇ ತಡೀತಿದ್ದ. ನನ್ನ ಸ್ಟೋರಿಗೆ ಬಾಗಿಲೇ ಇರಲಿಲ್ಲ.

ಇನ್ಮುಂದೆ ಇದು ಹೆಚ್ಚಾಗುತ್ತೆ. 2025ರ ಜುಲೈನಲ್ಲಿ ಬ್ರಿಟನ್ ಜೊತೆ ಸಹಿ ಆದ ಒಪ್ಪಂದದ ಪ್ರಕಾರ ಸ್ಕಾಚ್ ಮೇಲಿನ ಆಮದು ಸುಂಕ 150ರಿಂದ 75ಕ್ಕೆ, ಹತ್ತು ವರ್ಷದಲ್ಲಿ ಶೇಕಡಾ 40ಕ್ಕೆ ಇಳಿಬೇಕು. ಬಾಟಲಿ ಜಾಸ್ತಿ ಬಂದಷ್ಟೂ ಡಬ್ಬಗಳೂ ಜಾಸ್ತಿ.

ಹಾಗಾಗಿ ನನ್ನ ಎರಡೇ ಮಾತು. ಒಂದು, ಯಾವತ್ತಾದರೂ 21 ದಾಟಿದ ಮೇಲೆ ಕೊಳ್ಳೋದೇ ಆದರೆ ಬಾಟಲಿ ತಿರುಗಿಸಿ ಓದಿ. ಎಲ್ಲಿ ಮಾಡಿದ್ದು, ವಯಸ್ಸೆಷ್ಟು, ಮಾಲ್ಟಾ, ಬ್ಲೆಂಡಾ, ಇಲ್ಲ ಕಬ್ಬಿನ ಕಾಕಂಬಿಯ ಸ್ಪಿರಿಟ್‌ಗೆ ವಿಸ್ಕಿ ಅಂತ ಹೆಸರಿಟ್ಟಿದ್ದಾ? ನಮ್ಮಲ್ಲಿ ಅಗ್ಗಕ್ಕೆ ಸಿಗೋ ಎಷ್ಟೋ ವಿಸ್ಕಿಗಳ ಕಥೆ ಅದೇ. ಹಳ್ಳಿಯವರಿಗೆ ವ್ಯತ್ಯಾಸ ಗೊತ್ತಾಗಲ್ಲ ಅನ್ನೋ ಮಾತನ್ನ ನಾವು ಸುಳ್ಳು ಮಾಡೋಣ. ಎರಡು, ಆ ಡಬ್ಬ ಸ್ಟೋರಿಗೆ ಹಾಕೋ ಮುಂಚೆ ನಿಮ್ಮ ಫಾಲೋವರ್ ಲಿಸ್ಟ್ ಒಮ್ಮೆ ಸ್ಕ್ರೋಲ್ ಮಾಡಿ. ಅದರಲ್ಲಿ ನಿಮ್ಮ ಚಿಕ್ಕಪ್ಪನ ಮಗನೂ ಇರ್ತಾನೆ.

ತಮ್ಮನಿಗೆ ಡಬ್ಬ ಕೊಡಲಿಲ್ಲ. ಹೋದ ಭಾನುವಾರ ಊರಿಗೆ ಹೋದಾಗ ಹಳೇಬೀಡಿಗೆ ಕರ್ಕೊಂಡು ಹೋಗಿ, ಕಲ್ಲಲ್ಲಿ ಹೆಸರು ಕೆತ್ತಿದವರ ಕಥೆ ಹೇಳಿದೆ. ಪೂರ್ತಿ ಕೇಳಿಸಿಕೊಂಡು, "ಸರಿ ಅಣ್ಣ, ಡಬ್ಬ ಯಾರಿಗೆ ಕೊಟ್ಟೆ?" ಅಂದ.

ಕಾಮೆಂಟಲ್ಲಿ ಜಗಳ ಮಾಡೋರಿಗೆ ಸ್ವಾಗತ. ಪೀಟರ್ ಸ್ಕಾಟ್ ಹೆಸರು ಸರಿನಾ ತಪ್ಪಾ, ನಿಮ್ಮ ತೀರ್ಪು ಬರೀರಿ.

#ಗಂಡಸಿ #ಅರಸೀಕೆರೆ #ಬಿಕಾಂಹುಡುಗ #ಲೇಬಲ್‌ಓದಿ