ನಿಯಮದ ಬಲ, ನಿಯಮದ ಮರೆ

ನಿಯಮವನ್ನೇ ಆಧಾರವಾಗಿಟ್ಟುಕೊಂಡ ನಾಯಕತ್ವದ ಎರಡು ಮುಖಗಳನ್ನೂ ಮಲೆನಾಡು ಕಂಡಿದೆ. ಭದ್ರೆಯ ನೆತ್ತಿಯ ಮೇಲಿದ್ದ ಕುದುರೆಮುಖದ ಗಣಿ ಸರ್ಕಾರದ್ದೇ ಕಂಪನಿಯದು. ಅದರ 30 ವರ್ಷಗಳ ಗುತ್ತಿಗೆ 1999ರಲ್ಲಿ ಮುಗಿಯಿತು. ಸುಪ್ರೀಂ ಕೋರ್ಟಿನ 2002ರ ಆದೇಶದಂತೆ 2005ರ ಕೊನೆಗೆ ಗಣಿಗಾರಿಕೆ ನಿಂತಿತು. ಆದಾಯ, ಉದ್ಯೋಗಗಳ ವಾದ ಅದನ್ನು ಉಳಿಸಲಿಲ್ಲ. ಬಲಶಾಲಿಗೆ ‘ಇಲ್ಲ’ ಎನ್ನಲು ಬೇಕಾದ ಆಧಾರವನ್ನು ಒದಗಿಸುವುದು ನಿಯಮವೇ.

ಅರಣ್ಯ ಹಕ್ಕಿನ ಅರ್ಜಿಗಳ ಮುಂದೆ ಅದೇ ನಿಯಮನಿಷ್ಠೆಯ ಬಣ್ಣ ಬೇರೆ. ಪರಿಶಿಷ್ಟ ಪಂಗಡಕ್ಕೆ ಸೇರದ ಅರಣ್ಯವಾಸಿಗಳು 2005ರ ಡಿಸೆಂಬರ್ 13ಕ್ಕೆ ಮುಂಚಿನ ಮೂರು ತಲೆಮಾರುಗಳ, ಅಂದರೆ 75 ವರ್ಷಗಳ ವಾಸಕ್ಕೆ ಸಾಕ್ಷ್ಯ ಕೊಡಬೇಕೆನ್ನುತ್ತದೆ 2006ರ ಕಾಯ್ದೆ. ಅಕ್ಷರವನ್ನೇ ಕಾಣದ ಅಜ್ಜ 1930ರ ಕಾಗದವನ್ನು ಅಟ್ಟದ ಪೆಟ್ಟಿಗೆಯಲ್ಲಿ ಜೋಪಾನ ಮಾಡಿಟ್ಟಿರಬೇಕಿತ್ತೇ? ದಾಖಲೆಯಿಲ್ಲವೆಂದು ಅರ್ಜಿಯನ್ನು ತಳ್ಳಿಹಾಕುವ ಅಧಿಕಾರಿ ತಾನು ನಿಯಮ ಪಾಲಿಸಿದೆನೆಂದೇ ನಂಬಿರುತ್ತಾನೆ. ಆದರೆ 13ನೆಯ ನಿಯಮವು ಹಿರಿಯರ ಲಿಖಿತ ಹೇಳಿಕೆಯನ್ನೂ ಸಾಕ್ಷ್ಯಗಳಲ್ಲಿ ಸೇರಿಸಿದೆ. ಇಂಥದ್ದೇ ದಾಖಲೆ ಬೇಕೆಂದು ಸಮಿತಿಗಳು ಹಟ ಹಿಡಿಯಕೂಡದೆಂದು 2012ರ ತಿದ್ದುಪಡಿ ಸ್ಪಷ್ಟಪಡಿಸಿದೆ. ಹಾಗಿದ್ದ ಮೇಲೆ ಆತ ಪಾಲಿಸಿದ್ದು ಅರ್ಧ ನಿಯಮವನ್ನು. ನಿರ್ಧಾರದ ಹೊಣೆ ಹೊರಲು ಅಂಜುವವನಿಗೆ ಕಟ್ಟುನಿಟ್ಟಿನ ಸಾಲುಗಳು ಒಳ್ಳೆಯ ಮರೆ. ಸಡಿಲಿಕೆಯ ಸಾಲುಗಳು ಅವನ ಕಣ್ಣಿಗೆ ಬೀಳುವುದು ಅಪರೂಪ.

ದಾಕ್ಷಿಣ್ಯದ ಆಡಳಿತವನ್ನು ಇದಕ್ಕೆ ಪರ್ಯಾಯವಾಗಿ ಬಯಸುವುದು ಅಪಾಯಕರ. ದಾಕ್ಷಿಣ್ಯ ಹೆಚ್ಚಾಗಿ ಉಳ್ಳವರ ಕಡೆಗೇ ವಾಲುತ್ತದೆ. ಉಪವಿಭಾಗ ಸಮಿತಿಯ ತೀರ್ಮಾನದ ವಿರುದ್ಧ 60 ದಿನಗಳೊಳಗೆ ಜಿಲ್ಲಾ ಸಮಿತಿಗೆ ಮೇಲ್ಮನವಿ ಸಲ್ಲಿಸಲು ಕಾಯ್ದೆಯಲ್ಲಿಯೇ ಅವಕಾಶವಿದೆ. ಓದು ಬಲ್ಲ ಊರಿನ ವಿದ್ಯಾರ್ಥಿಗಳು ಆ ಅರ್ಜಿಗಳನ್ನು ಬರೆದುಕೊಡಬೇಕು, 13ನೆಯ ನಿಯಮವನ್ನು ಅವುಗಳ ತಲೆಯಲ್ಲೇ ನಮೂದಿಸಬೇಕು.